ಟವೆಲ್ಲಿನ ಮರೆಯ ಲೆಕ್ಕ: ಮಧುಗಿರಿ ಸೀಮೆಯಲ್ಲಿ ಆಟದ ಸಿದ್ಧಾಂತ

ದನಗಳ ಜಾತ್ರೆಗೆ ಹೋದವರು ಈ ದೃಶ್ಯವನ್ನು ಕಂಡೇ ಇರುತ್ತಾರೆ. ಜೋಡಿ ಎತ್ತುಗಳ ಪಕ್ಕದಲ್ಲಿ ಇಬ್ಬರು ಎದುರುಬದುರಾಗಿ ನಿಂತು ಕೈ ಹಿಡಿದುಕೊಂಡಿರುತ್ತಾರೆ. ಹಿಡಿದ ಕೈಗಳ ಮೇಲೆ ಒಂದು ಟವೆಲ್. ಬಾಯಲ್ಲಿ ಮಾತಿಲ್ಲ, ಬೆರಳುಗಳೇ ಬೆಲೆ ಹೇಳುತ್ತವೆ, ಬೆರಳುಗಳೇ ಒಲ್ಲೆನೆನ್ನುತ್ತವೆ. ಸುತ್ತ ನಿಂತವರಿಗೆ ಯಾವ ಮೊತ್ತಕ್ಕೆ ಮಾತುಕತೆ ಮುರಿಯಿತು, ಯಾವ ಮೊತ್ತಕ್ಕೆ ಕುದುರಿತು ಎಂಬುದು ತಿಳಿಯುವುದಿಲ್ಲ. ಈ ವ್ಯಾಪಾರ ಕುದುರದಿದ್ದರೆ ಮುಂದಿನ ಗಿರಾಕಿಯ ಎದುರು ಮಾರುವವನ ಕೈ ಸಡಿಲವಾಗಬಾರದು ಎಂಬುದೇ ಆ ಟವೆಲ್ಲಿನ ಉದ್ದೇಶ.

ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಈ ಜಾಣ್ಮೆಗೆ ಅರ್ಥಶಾಸ್ತ್ರಜ್ಞರು ಗಣಿತದ ರೂಪ ಕೊಟ್ಟಿದ್ದಾರೆ. ಅದೇ ಗೇಮ್ ಥಿಯರಿ, ಅಂದರೆ ಆಟದ ಸಿದ್ಧಾಂತ. ನನಗೆ ಏನು ದಕ್ಕುತ್ತದೆ ಎಂಬುದು ನನ್ನ ನಿರ್ಧಾರವೊಂದನ್ನೇ ಅವಲಂಬಿಸದೆ, ಎದುರಿಗಿರುವವನ ನಿರ್ಧಾರವನ್ನೂ ಅವಲಂಬಿಸಿದ್ದಾಗ ಹೇಗೆ ಯೋಚಿಸಬೇಕು ಎಂಬುದು ಇದರ ಮೂಲ ಪ್ರಶ್ನೆ. ಈ ಪ್ರಶ್ನೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನೀರು ಮತ್ತು ನೆಲದ ಕಥೆಯೇ ಸಾಕು.

ಸಿದ್ಧಾಂತದ ಹಿನ್ನೆಲೆ

1944ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಬರೆದ ಗ್ರಂಥದಿಂದ ಈ ಶಾಸ್ತ್ರಕ್ಕೆ ಭದ್ರ ಬುನಾದಿ ದೊರೆಯಿತು. 1950ರ ವೇಳೆಗೆ ಜಾನ್ ನ್ಯಾಶ್ ಎಂಬ ತರುಣ ಗಣಿತಜ್ಞ ಅದನ್ನು ಮುಂದಕ್ಕೆ ಒಯ್ದರು. ಎಲ್ಲ ಆಟಗಾರರೂ ತಮ್ಮ ತಮ್ಮ ನಡೆಯನ್ನು ನಿರ್ಧರಿಸಿದ ಮೇಲೆ, ಒಬ್ಬನೇ ತನ್ನ ನಡೆ ಬದಲಿಸಿದರೆ ಅವನಿಗೆ ಲಾಭವಾಗದಂಥ ಸ್ಥಿತಿಯನ್ನು ಇಂದು ನ್ಯಾಶ್ ಸಮತೋಲನ ಎಂದು ಕರೆಯುತ್ತಾರೆ. ಜಾನ್ ಹರ್ಸಾನಿ ಮತ್ತು ರೈನ್‌ಹಾರ್ಡ್ ಸೆಲ್ಟನ್ ಅವರೊಂದಿಗೆ ನ್ಯಾಶ್ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಯಾವುದೇ ಆಟದಲ್ಲಿ ಮೂರು ಸಂಗತಿಗಳಿರುತ್ತವೆ: ಆಟಗಾರರು, ಅವರ ಮುಂದಿರುವ ನಡೆಗಳು ಮತ್ತು ಪ್ರತಿ ನಡೆಯಿಂದ ಯಾರಿಗೆ ಏನು ದಕ್ಕುತ್ತದೆ ಎಂಬ ಫಲ. ಈ ಮೂರನ್ನು ಬಿಡಿಸಿ ಬರೆದರೆ ಜಟಿಲವೆನಿಸುವ ಸನ್ನಿವೇಶವೂ ಕಣ್ಣಿಗೆ ಕಟ್ಟುತ್ತದೆ.

ಚೌಕಾಸಿಯಲ್ಲಿ ಯಾರ ಕೈ ಮೇಲು?

ಮೊದಲು ಎತ್ತಿನ ವ್ಯಾಪಾರವನ್ನೇ ತೆಗೆದುಕೊಳ್ಳೋಣ. ಮಾರುವವನು ಜೋಡಿಯನ್ನು 80,000 ರೂಪಾಯಿಗಿಂತ ಕಡಿಮೆಗೆ ಕೊಡಲಾರ. ಕೊಳ್ಳುವವನು ಒಂದು ಲಕ್ಷಕ್ಕಿಂತ ಹೆಚ್ಚು ಕೊಡಲಾರ ಎಂದಿಟ್ಟುಕೊಳ್ಳಿ. ಈ ಎರಡು ಮಿತಿಗಳ ನಡುವಣ 20,000 ರೂಪಾಯಿಯೇ ಚೌಕಾಸಿಯ ಅಂಗಳ. ವ್ಯಾಪಾರ ಕುದುರಿದರೆ ಇಬ್ಬರಿಗೂ ಲಾಭ. ಯಾರಿಗೆ ಎಷ್ಟು ಎಂಬುದಷ್ಟೇ ಜಗಳ. ಇಬ್ಬರ ಸ್ಥಿತಿಯೂ ಸಮನಾಗಿದ್ದರೆ ನಡುವಿನ 90,000ಕ್ಕೆ ಮುಗಿಯುವುದು ನ್ಯಾಯಸಮ್ಮತ ಎಂದು ನ್ಯಾಶ್ ಅವರ ಚೌಕಾಸಿ ಸೂತ್ರ ಹೇಳುತ್ತದೆ.

ಅಷ್ಟರಲ್ಲಿ ಮತ್ತೊಬ್ಬ ಗಿರಾಕಿ ಬಂದು 90,000 ಕೊಡುವೆನೆಂದು ಖಚಿತವಾಗಿ ಹೇಳಿದನೆನ್ನಿ. ಮಾರುವವನ ಕನಿಷ್ಠ ಮಿತಿ ಈಗ 80,000 ಅಲ್ಲ, 90,000. ನಡುವಿನ ಬೆಲೆ 95,000ಕ್ಕೆ ಏರಿತು. ಎತ್ತು ಅದೇ, ಮಾತಿನ ಚಾತುರ್ಯವೂ ಅಷ್ಟೇ. ಬದಲಾದದ್ದು ಮಾತುಕತೆ ಮುರಿದರೆ ಮುಂದೇನು ಎಂಬ ಪ್ರಶ್ನೆಗೆ ಇರುವ ಉತ್ತರ ಮಾತ್ರ. 1981ರಲ್ಲಿ ಪ್ರಕಟವಾದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಅವರ ಸಂಧಾನ ಕುರಿತ ಪ್ರಸಿದ್ಧ ಪುಸ್ತಕದ ಮುಖ್ಯ ಬೋಧೆಯೂ ಇದೇ: ಮಾತಿಗೆ ಕೂರುವ ಮುನ್ನ ನಿಮ್ಮ ಪರ್ಯಾಯವನ್ನು ಗಟ್ಟಿ ಮಾಡಿಕೊಳ್ಳಿ.

ತಾಳ್ಮೆಗೂ ಬೆಲೆಯಿದೆ. ಏರಿಯಲ್ ರೂಬಿನ್‌ಸ್ಟೈನ್ 1982ರಲ್ಲಿ ತೋರಿಸಿಕೊಟ್ಟಂತೆ, ಕಾಯುವ ಶಕ್ತಿ ಹೆಚ್ಚಿದ್ದವನಿಗೆ ಪಾಲು ಹೆಚ್ಚು. ಜಾತ್ರೆಯ ಕೊನೆಯ ದಿನ, ಸಾಲದ ಕಂತು ತಲೆಯ ಮೇಲಿರುವಾಗ ಎತ್ತು ಮಾರುವ ರೈತ ಸೋಲುವುದು ಮಾತು ಬಾರದೆ ಅಲ್ಲ, ಕಾಯಲಾರದೆ.

ಕೊಳವೆಬಾವಿಯ ಇಕ್ಕಟ್ಟು

ಚೌಕಾಸಿಯಲ್ಲಿ ಕನಿಷ್ಠ ಒಪ್ಪಂದವಾದರೂ ಸಾಧ್ಯ. ಒಪ್ಪಂದ ಮಾಡಿಕೊಂಡರೆ ಎಲ್ಲರಿಗೂ ಒಳ್ಳೆಯದೆಂದು ತಿಳಿದಿದ್ದರೂ ಅದು ಸಾಧ್ಯವಾಗದ ಆಟ ಇನ್ನೊಂದಿದೆ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಅದನ್ನು ರೂಪಿಸಿದರು; ಆಲ್ಬರ್ಟ್ ಟಕರ್ ಅದಕ್ಕೆ ಇಬ್ಬರು ಕೈದಿಗಳ ಕಥೆಯನ್ನು ಜೋಡಿಸಿದ್ದರಿಂದ ಕೈದಿಯ ಇಕ್ಕಟ್ಟು ಎಂಬ ಹೆಸರು ಬಂತು. ನಮ್ಮ ಸೀಮೆಯಲ್ಲಿ ಅದನ್ನು ಕೊಳವೆಬಾವಿಯ ಇಕ್ಕಟ್ಟು ಎಂದರೂ ಸಲ್ಲುತ್ತದೆ.

ಈ ನಾಲ್ಕು ತಾಲ್ಲೂಕುಗಳ ನೆಲದಡಿ ಇರುವುದು ಗಟ್ಟಿ ಶಿಲೆ. ಮಳೆ ಕಡಿಮೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಆಂಧ್ರದತ್ತ ಹರಿಯುವ ಜಯಮಂಗಲಿಯಾಗಲಿ, ಪಾವಗಡದ ನಾಗಲಮಡಿಕೆಯ ಬಳಿ ಹಾದುಹೋಗುವ ಉತ್ತರ ಪಿನಾಕಿನಿಯಾಗಲಿ ವರ್ಷವಿಡೀ ನೀರು ಕೊಡುವ ನದಿಗಳಲ್ಲ. ಹೀಗಾಗಿ ತೋಟಕ್ಕೂ ಕುಡಿಯಲೂ ಕೊಳವೆಬಾವಿಯೇ ಆಧಾರವಾಯಿತು. ಪಂಪ್‌ಸೆಟ್‌ಗಳಿಗೆ 10 ಅಶ್ವಶಕ್ತಿಯವರೆಗೆ ಉಚಿತ ವಿದ್ಯುತ್ ಇರುವುದರಿಂದ ಒಂದು ಗಂಟೆ ಹೆಚ್ಚು ನೀರೆತ್ತಿದರೆ ರೈತನ ಜೇಬಿಗೆ ಭಾರವೇನೂ ಇಲ್ಲ.

ಅಕ್ಕಪಕ್ಕದ ಇಬ್ಬರು ರೈತರನ್ನು ಊಹಿಸಿಕೊಳ್ಳಿ. ಈ ಅಂಕಿಗಳೂ ಕಲ್ಪಿತ. ಇಬ್ಬರೂ ನೀರನ್ನು ಮಿತವಾಗಿ ಬಳಸಿದರೆ ತಲಾ 60,000 ರೂಪಾಯಿ ಆದಾಯ. ಒಬ್ಬ ಮಿತವಾಗಿದ್ದು ಇನ್ನೊಬ್ಬ ಯಥೇಚ್ಛವಾಗಿ ಎತ್ತಿದರೆ, ಎತ್ತಿದವನಿಗೆ 80,000, ಸುಮ್ಮನಿದ್ದವನಿಗೆ 10,000. ಇಬ್ಬರೂ ಪೈಪೋಟಿಗೆ ಬಿದ್ದರೆ ತಲಾ 30,000.

ಈಗ ಒಬ್ಬ ರೈತನ ಜಾಗದಲ್ಲಿ ನಿಂತು ಯೋಚಿಸಿ. ಪಕ್ಕದವನು ಮಿತವಾಗಿದ್ದರೆ ನನಗೆ ಹೆಚ್ಚು ಎತ್ತುವುದೇ ಲೇಸು. 60ರ ಬದಲು 80. ಪಕ್ಕದವನು ಹೆಚ್ಚು ಎತ್ತಿದರೂ ನಾನು ಎತ್ತುವುದೇ ಲೇಸು; 10ರ ಬದಲು 30. ಅವನು ಏನೇ ಮಾಡಲಿ, ನನಗೆ ಇದೇ ದಾರಿ. ಅವನ ತರ್ಕವೂ ಇದೇ. ಹಾಗಾಗಿ ತಲಾ 60,000 ಸಿಗಬಹುದಾಗಿದ್ದ ಕಡೆ ಇಬ್ಬರೂ 30,000ಕ್ಕೆ ಬಂದು ನಿಲ್ಲುತ್ತಾರೆ. ಇದೇ ಈ ಆಟದ ನ್ಯಾಶ್ ಸಮತೋಲನ. ಯಾರೂ ದಡ್ಡರಲ್ಲ, ಯಾರೂ ದುಷ್ಟರಲ್ಲ. ಆದರೂ ಊರಿನ ಅಂತರ್ಜಲ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ.

ಅಂತರ್ಜಲದ ಅತಿಬಳಕೆಯನ್ನು ಬರಿಯ ದುರಾಸೆ ಎಂದು ಬೈಯುವವರು ಗಮನಿಸಬೇಕಾದ ಅಂಶವಿದು. ಉಪದೇಶದಿಂದ ಸಮತೋಲನ ಬದಲಾಗುವುದಿಲ್ಲ. ಆಟದ ಫಲಗಳು ಅಥವಾ ನಿಯಮಗಳು ಬದಲಾಗಬೇಕು.

ಮತ್ತೆ ಮತ್ತೆ ಆಡುವ ಆಟ

ಆಟವನ್ನು ಒಮ್ಮೆ ಮಾತ್ರ ಆಡುವುದಾದರೆ ಮೇಲಿನ ಇಕ್ಕಟ್ಟಿಗೆ ಬಿಡುಗಡೆಯಿಲ್ಲ. ಆದರೆ ಹಳ್ಳಿಯಲ್ಲಿ ಅಕ್ಕಪಕ್ಕದ ಜಮೀನಿನವರು ಪ್ರತಿ ವರ್ಷವೂ ಎದುರಾಗುತ್ತಾರೆ. ಇಂದು ನಿಯಮ ಮೀರಿದರೆ ಲಾಭ 20,000. ಆದರೆ ನಂಬಿಕೆ ಮುರಿದ ಮೇಲೆ ಮುಂದಿನ ಪ್ರತಿ ವರ್ಷವೂ 60ರ ಬದಲು 30. ಅಂದರೆ ವರ್ಷಕ್ಕೆ 30,000 ನಷ್ಟ. ಈ ಲೆಕ್ಕದಲ್ಲಿ, ಮುಂದಿನ ವರ್ಷದ ಒಂದು ರೂಪಾಯಿಯನ್ನು ಇಂದಿನ 40 ಪೈಸೆಗಿಂತ ಹೆಚ್ಚೆಂದು ಎಣಿಸುವ ರೈತನಿಗೆ ಮಾತಿಗೆ ತಪ್ಪದಿರುವುದೇ ಲಾಭ. ನಾಳೆಯ ಬಗ್ಗೆ ಭರವಸೆಯಿಲ್ಲದವನು, ಸಾಲಕ್ಕೆ ಸಿಲುಕಿದವನು ಅಥವಾ ಜಮೀನು ಮಾರಿ ಊರು ಬಿಡುವವನು ಮಾತ್ರ ಬೇರೆ ಲೆಕ್ಕ ಹಾಕುತ್ತಾನೆ.

ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಇಂಥ ಪುನರಾವರ್ತಿತ ಆಟಕ್ಕೆ ಕಂಪ್ಯೂಟರ್ ಪಂದ್ಯಾವಳಿ ಏರ್ಪಡಿಸಿ ಅದರ ಫಲಿತಾಂಶಗಳನ್ನು 1984ರ ಪುಸ್ತಕದಲ್ಲಿ ವಿವರಿಸಿದರು. ಗೆದ್ದದ್ದು ಅನಾಟೋಲ್ ರ‍್ಯಾಪೊಪೋರ್ಟ್ ಕಳಿಸಿದ್ದ ಅತಿ ಸರಳ ತಂತ್ರ: ಮೊದಲು ಸಹಕರಿಸು, ನಂತರ ಎದುರಾಳಿ ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡು. ತಾನಾಗಿ ಕೆಣಕದ, ಕೆಣಕಿದರೆ ಬಿಡದ, ತಿದ್ದಿಕೊಂಡರೆ ಕ್ಷಮಿಸುವ ಗುಣ ಅದು.

ಕೊಳವೆಬಾವಿಗೆ ಇದನ್ನು ಅನ್ವಯಿಸುವಾಗ ಒಂದು ಎಚ್ಚರಿಕೆ ಅಗತ್ಯ. ಕೊರೆದ ಬಾವಿಯನ್ನು ಮರಳಿ ಮುಚ್ಚುವವರು ವಿರಳ. ಕೊರೆಯುವ ನಿರ್ಧಾರ ಒಮ್ಮೆ ಮಾತ್ರ ಆಗುವಂಥದ್ದು. ಪ್ರತಿ ಹಂಗಾಮಿನಲ್ಲೂ ಮರಳಿ ಬರುವ ನಿರ್ಧಾರವೆಂದರೆ ಯಾವ ಬೆಳೆ, ಎಷ್ಟು ನೀರು ಎಂಬುದು. ಆದ್ದರಿಂದ ಒಪ್ಪಂದಕ್ಕೆ ತಕ್ಕ ಜಾಗ ಬಾವಿಯಲ್ಲ, ಬೆಳೆ. ಪಾವಗಡದ ನೆರೆಯ ಅನಂತಪುರವೂ ಸೇರಿದಂತೆ ಆಂಧ್ರದ ಏಳು ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆಯೊಂದು 2003ರ ನಂತರ ನಡೆಯಿತು. ರೈತರೇ ಮಳೆ ಮತ್ತು ನೀರಿನ ಮಟ್ಟ ಅಳೆದು, ಹಂಗಾಮಿಗೆ ಮೊದಲು ಒಟ್ಟಾಗಿ ನೀರಿನ ಆಯವ್ಯಯ ಸಿದ್ಧಪಡಿಸುತ್ತಿದ್ದರು. ಯಾರ ಮೇಲೂ ದಂಡವಿರಲಿಲ್ಲ. ಲೆಕ್ಕ ಎಲ್ಲರ ಕಣ್ಣ ಮುಂದಿತ್ತು.

ಇನ್ನೂ ಕುತೂಹಲಕರವಾದದ್ದು 2013 ಮತ್ತು 2014ರ ಪ್ರಯೋಗ. ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಮತ್ತು ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯವರು ಆಂಧ್ರಪ್ರದೇಶದ ಗಟ್ಟಿಶಿಲಾ ಪ್ರದೇಶದ ಹಳ್ಳಿಗಳಲ್ಲಿ ರೈತರಿಂದಲೇ ಈ ಆಟವನ್ನು ಆಡಿಸಿದರು. ಹೆಚ್ಚು ನೀರು ಕುಡಿಯುವ ಬೆಳೆಯೋ ಕಡಿಮೆ ನೀರಿನ ಬೆಳೆಯೋ ಎಂದು ಪ್ರತಿ ಸುತ್ತಿನಲ್ಲೂ ಆರಿಸಬೇಕು; ಎಲ್ಲರ ಆಯ್ಕೆಯಂತೆ ಊರಿನ ನೀರು ಏರುತ್ತದೆ ಇಲ್ಲವೇ ಇಳಿಯುತ್ತದೆ. ಆಟವಾಡಿದ ಊರುಗಳು ನೀರಿನ ದಾಖಲೆ ಪುಸ್ತಕ ಇಡುವ ಮತ್ತು ನಿಯಮ ರೂಪಿಸಿಕೊಳ್ಳುವ ಸಾಧ್ಯತೆ, ಆಡದ ಊರುಗಳಿಗಿಂತ ಹೆಚ್ಚಾಗಿತ್ತು.

ಸಮುದಾಯಗಳು ಹಂಚಿಕೊಂಡ ಸಂಪತ್ತನ್ನು ತಾವೇ ಕಾಯ್ದುಕೊಳ್ಳಬಲ್ಲವು ಎಂದು 1990ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ ಎಲಿನರ್ ಆಸ್ಟ್ರಂ 2009ರಲ್ಲಿ ನೊಬೆಲ್ ಪಡೆದರು. ಹಳೇ ಮೈಸೂರಿನ ಕೆರೆಗಳಿಗೆ ಇದು ಹೊಸದಲ್ಲ. ತೂಬು ತೆರೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರಗಂಟಿ ಇದ್ದದ್ದೇ ಈ ಇಕ್ಕಟ್ಟನ್ನು ತಪ್ಪಿಸಲು. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನೆಲದಡಿಯ ನೀರು ಕಾಣುವುದಿಲ್ಲ. ಆದ್ದರಿಂದಲೇ ಇಂದು ನೀರಗಂಟಿಯ ಕೆಲಸವನ್ನು ಅಳತೆಯ ಪುಸ್ತಕ ಮಾಡಬೇಕಾಗಿದೆ.

ಪಾವಗಡದ ತೇರು

ಎಲ್ಲ ಆಟವೂ ಕೈದಿಯ ಇಕ್ಕಟ್ಟಲ್ಲ. ರಥೋತ್ಸವವನ್ನು ನೆನೆಯಿರಿ. ಎಲ್ಲರೂ ಹಗ್ಗ ಹಿಡಿದರೆ ತೇರು ಹೊರಡುತ್ತದೆ. ನಾಲ್ಕು ಮಂದಿ ಮಾತ್ರ ಎಳೆದರೆ ಅವರ ಶ್ರಮ ವ್ಯರ್ಥ. ಇಲ್ಲಿ ಯಾರಿಗೂ ಮೋಸ ಮಾಡುವ ಆಸೆಯಿಲ್ಲ. ಉಳಿದವರು ಎಳೆಯುತ್ತಾರೆಯೇ ಎಂಬ ಅನುಮಾನ ಮಾತ್ರ. ಶಾಸ್ತ್ರದಲ್ಲಿ ಇದಕ್ಕೆ ಭರವಸೆಯ ಆಟ ಎನ್ನುತ್ತಾರೆ.

ಪಾವಗಡದ ಸೋಲಾರ್ ಪಾರ್ಕ್ ಇಂಥ ಒಂದು ತೇರು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಈ ಪಾರ್ಕ್ ಹರಡಿದೆ. ಇದಕ್ಕಾಗಿ 2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರು 2018ರ ಮಾರ್ಚ್ 1ರಂದು ಉದ್ಘಾಟಿಸಿದರು. 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ ಸಿದ್ಧವಾಯಿತು.

ಸುಮಾರು 2,300 ರೈತರ ಜಮೀನು ಒಟ್ಟಾಗದೆ ಇಂಥ ಪಾರ್ಕ್ ಆಗದು. ಇಲ್ಲಿ ಎರಡು ತೊಡಕುಗಳಿದ್ದವು. ಒಂದು, ಮೇಲೆ ಹೇಳಿದ ಅನುಮಾನ. ಎರಡು, ನಡುವೆ ಜಮೀನು ಇರುವವನು ಎಲ್ಲರೂ ಒಪ್ಪುವವರೆಗೆ ಕಾದು ಕೊನೆಯಲ್ಲಿ ಹೆಚ್ಚು ಬೆಲೆ ಕೇಳುವ ಸಾಧ್ಯತೆ. ಎಲ್ಲರೂ ಕೊನೆಯವರಾಗಲು ಕಾದರೆ ಕೆಲಸ ಆರಂಭವೇ ಆಗದು.

ಪಾವಗಡದಲ್ಲಿ ಜಮೀನನ್ನು ಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಎಲ್ಲರಿಗೂ ಒಂದೇ ದರ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಇದನ್ನು ಆಟದ ಭಾಷೆಯಲ್ಲಿ ಓದಿದರೆ ಮೂರು ಸಂಗತಿಗಳು ಕಾಣುತ್ತವೆ. ಒಡೆತನ ಉಳಿದದ್ದರಿಂದ ಒಪ್ಪಿಗೆಯ ಅಪಾಯ ಕಡಿಮೆಯಾಯಿತು. ದರ ಒಂದೇ ಆದದ್ದರಿಂದ ಕಾಯ್ದವನಿಗೆ ಹೆಚ್ಚುವರಿ ಲಾಭವಿರಲಿಲ್ಲ. ಬರದ ತಾಲ್ಲೂಕಿನಲ್ಲಿ ಖುಷ್ಕಿ ಬೇಸಾಯವೆಂಬ ಪರ್ಯಾಯವೇ ದುರ್ಬಲವಾಗಿದ್ದರಿಂದ ಖಚಿತ ಬಾಡಿಗೆಯ ಆಕರ್ಷಣೆ ಹೆಚ್ಚಿತು.

ಮೂರನೆಯ ಸಂಗತಿಗೆ ಇನ್ನೊಂದು ಮುಖವೂ ಇದೆ. ಪರ್ಯಾಯ ದುರ್ಬಲವಾಗಿರುವವನು ಸಣ್ಣ ಪಾಲಿಗೂ ಒಪ್ಪುತ್ತಾನೆ. ಆದ್ದರಿಂದ ಒಪ್ಪಿಗೆ ದೊರೆತದ್ದೇ ಒಪ್ಪಂದದ ನ್ಯಾಯಕ್ಕೆ ಸಾಕ್ಷಿಯಾಗದು. ಸಂಖ್ಯೆಗಳನ್ನು ನೋಡಬೇಕು.

ಶೇಕಡಾ 5ರ ಒಳಗುಟ್ಟು

ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಎಂದರೆ ವರ್ಷಕ್ಕೆ ಸುಮಾರು ಎರಡೂವರೆಯಷ್ಟೇ. ಇದೇ ಕ್ರಮದಲ್ಲಿ 13 ಏರಿಕೆಗಳಾದ ಮೇಲೆ 28ನೆಯ ವರ್ಷದಲ್ಲಿ ಎಕರೆಗೆ ದೊರೆಯುವುದು ಸುಮಾರು 39,600 ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರುತ್ತ ಹೋದವೆಂದು ಭಾವಿಸಿದರೆ, ಆ 39,600 ರೂಪಾಯಿಯ ಕೊಳ್ಳುವ ಶಕ್ತಿ ಮೊದಲ ವರ್ಷದ ಸುಮಾರು 10,600 ರೂಪಾಯಿಗೆ ಸಮ. ಅಂದರೆ ಬಾಡಿಗೆಯ ನಿಜಮೌಲ್ಯ ಅರ್ಧಕ್ಕೆ ಇಳಿದಿರುತ್ತದೆ.

ಇದರಿಂದ ರೈತರಿಗೆ ನಷ್ಟವೇ ಆಯಿತೆಂದು ತೀರ್ಮಾನಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷವೂ ಬರುವ ಹಣಕ್ಕೆ ಅದರದೇ ಬೆಲೆಯಿದೆ. ಆದರೆ ಮುಂದೆ ಎಲ್ಲಿಯೇ ಆಗಲಿ, ಸೋಲಾರ್, ಗಾಳಿಯಂತ್ರ ಅಥವಾ ಕೈಗಾರಿಕೆಗೆ ಜಮೀನು ಗುತ್ತಿಗೆ ಕೊಡುವವರು ಮೊದಲ ವರ್ಷದ ದರಕ್ಕಿಂತ ಏರಿಕೆಯ ಕರಾರಿನ ಬಗ್ಗೆ ಹೆಚ್ಚು ಚೌಕಾಸಿ ಮಾಡಬೇಕು ಎಂಬ ಪಾಠ ಇಲ್ಲಿದೆ. ದೀರ್ಘಾವಧಿಯ ಒಪ್ಪಂದದಲ್ಲಿ ಸಣ್ಣ ಅಕ್ಷರದ ಶೇಕಡಾವಾರೇ ದೊಡ್ಡ ಅಂಕಿ.

ಹಾಗೆಯೇ ಮಾತುಕತೆಗೆ ಕರೆಯದವರ ಪ್ರಶ್ನೆ. ಬಾಡಿಗೆ ಬರುವುದು ಭೂಮಾಲೀಕನಿಗೆ. ಅದೇ ಭೂಮಿಯಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ, ಕುರಿ ಮೇಯಿಸಿ ಬದುಕುತ್ತಿದ್ದ ಭೂಹೀನರು ಆ ಒಪ್ಪಂದದಲ್ಲಿ ಆಟಗಾರರೇ ಆಗಿರಲಿಲ್ಲ. ಅವರಿಗೆ ಕೂಲಿ ಕಡಿಮೆಯಾದ ಅಳಲು ಪಾವಗಡದಿಂದ ಹಲವು ಬಾರಿ ವರದಿಯಾಗಿದೆ. ಆಟದ ಮೊದಲ ಪ್ರಶ್ನೆ ಆಟಗಾರರು ಯಾರು ಎಂಬುದು. ಅದಕ್ಕೆ ತಪ್ಪು ಉತ್ತರ ಕೊಟ್ಟರೆ ಮುಂದಿನ ಲೆಕ್ಕವೆಲ್ಲ ಸರಿಯಿದ್ದರೂ ನ್ಯಾಯ ಸಿಗುವುದಿಲ್ಲ.

ನೀರಿನ ಹಂಚಿಕೆ ಮತ್ತು ಭರವಸೆ

ಒಬ್ಬರ ಲಾಭ ಇನ್ನೊಬ್ಬರ ನಷ್ಟಕ್ಕೆ ಸರಿಸಮವಾಗಿರುವ ಆಟವನ್ನು ಶೂನ್ಯ ಮೊತ್ತದ ಆಟ ಎನ್ನುತ್ತಾರೆ. ಹೇಮಾವತಿ ನಾಲೆಯ ನೀರು ಹಾಗೆ ಕಾಣುತ್ತದೆ. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ತುಮಕೂರು ಜಿಲ್ಲೆಯಲ್ಲಿ 2024 ಮತ್ತು 2025ರಲ್ಲಿ ನಡೆದ ಪ್ರತಿಭಟನೆಗಳ ಹಿಂದೆ ಇದ್ದದ್ದು ಇದೇ ಆತಂಕ: ಬೇರೆಯವರಿಗೆ ಹೋದಷ್ಟು ನಮಗೆ ಕಡಿಮೆ. ನೀರಿನ ಪ್ರಮಾಣವನ್ನು ಮಾತ್ರ ಮೇಜಿನ ಮೇಲಿಟ್ಟರೆ ಇದು ಶೂನ್ಯ ಮೊತ್ತವೇ. ಬಿಡುವ ಕಾಲ, ಕೆರೆ ತುಂಬಿಸುವ ಸರದಿ, ನಾಲೆಯ ಸೋರಿಕೆ ತಡೆ, ಬೆಳೆ ಪದ್ಧತಿ ಇವನ್ನೂ ಸೇರಿಸಿದರೆ ಹಂಚಿಕೊಳ್ಳಬಹುದಾದ ಮೊತ್ತವೇ ಹಿಗ್ಗುತ್ತದೆ.

ಇನ್ನೊಂದು ತೊಡಕು ನಂಬಿಕೆಯದು. 2020ರ ನವೆಂಬರ್‌ನ ಶಿರಾ ವಿಧಾನಸಭಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಭರವಸೆ ಪ್ರಮುಖ ವಿಷಯವಾಗಿತ್ತು. ಆ ಕೆರೆಗೆ ನೀರಿನ ಹಂಚಿಕೆಯ ಪ್ರಶ್ನೆ ಚುನಾವಣೆಯ ನಂತರವೂ ಚರ್ಚೆಯಲ್ಲಿ ಉಳಿಯಿತು. ಭರವಸೆಗೆ ಬೆಲೆ ಬರುವುದು ಅದನ್ನು ಮುರಿದರೆ ಕೊಟ್ಟವನಿಗೇ ನಷ್ಟವಾಗುವಂತಿದ್ದಾಗ ಮಾತ್ರ ಎಂಬುದನ್ನು ಥಾಮಸ್ ಶೆಲ್ಲಿಂಗ್ 1960ರಲ್ಲೇ ವಿವರಿಸಿದ್ದರು. ಅವರಿಗೂ ರಾಬರ್ಟ್ ಔಮನ್ ಅವರಿಗೂ 2005ರ ನೊಬೆಲ್ ಸಂದಿತು. ವೇದಿಕೆಯ ಮಾತಿಗಿಂತ ಹಂಚಿಕೆಯ ಆದೇಶಕ್ಕೆ, ಆದೇಶಕ್ಕಿಂತ ಎಲ್ಲರಿಗೂ ಕಾಣುವ ಅಳತೆಗೋಲಿಗೆ ಹೆಚ್ಚು ತೂಕ ಬರುವುದು ಇದೇ ಕಾರಣಕ್ಕೆ.

ಮಾತಿಗೆ ಕೂರುವ ಮುನ್ನ

ಜಮೀನಿನ ಕರಾರು, ಸಂಬಳದ ಮಾತು, ಬಾಡಿಗೆ ಮನೆಯ ಮುಂಗಡ, ಅಣ್ಣತಮ್ಮಂದಿರ ಪಾಲುಪಟ್ಟಿ ಯಾವುದೇ ಇರಲಿ, ಕೆಲವು ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಾತು ಮುರಿದರೆ ನನಗೆ ಉಳಿಯುವುದೇನು, ಅವರಿಗೆ ಉಳಿಯುವುದೇನು? ಈ ವ್ಯಕ್ತಿಯೊಂದಿಗೆ ಇದೊಂದೇ ಸಲವೇ, ಮತ್ತೆ ಮತ್ತೆ ವ್ಯವಹಾರವಿದೆಯೇ? ಎದುರಿನವನು ಮೋಸ ಮಾಡಲು ಹೊಂಚುತ್ತಿದ್ದಾನೆಯೇ, ಅಥವಾ ನನ್ನ ಮೇಲೆ ಭರವಸೆಯಿಲ್ಲದೆ ಹಿಂಜರಿಯುತ್ತಿದ್ದಾನೆಯೇ? ಮೊದಲನೆಯದಕ್ಕೆ ಕರಾರು ಬೇಕು, ಎರಡನೆಯದಕ್ಕೆ ಮಾತುಕತೆ ಸಾಕು. ಕೊನೆಯದಾಗಿ, ಈ ನಿರ್ಧಾರದ ಬಿಸಿ ತಟ್ಟುವವರೆಲ್ಲ ಇಲ್ಲಿ ಕೂತಿದ್ದಾರೆಯೇ?

ಆಟದ ಸಿದ್ಧಾಂತಕ್ಕೂ ಮಿತಿಯಿದೆ. ಮನುಷ್ಯ ಸದಾ ಲೆಕ್ಕ ಹಾಕಿಯೇ ನಡೆಯುವುದಿಲ್ಲ. ಮಾನ, ಮುನಿಸು, ದಾಕ್ಷಿಣ್ಯಗಳೂ ಅವನ ನಡೆಯನ್ನು ತಿದ್ದುತ್ತವೆ. ಆದರೂ ಯಾರನ್ನೂ ಬೈಯದೆ ಸನ್ನಿವೇಶವನ್ನು ಬಿಡಿಸಿ ನೋಡುವ ಅಭ್ಯಾಸವನ್ನು ಈ ಶಾಸ್ತ್ರ ಕಲಿಸುತ್ತದೆ. ಎತ್ತು ಮಾರುವಾಗ ಬೆಲೆಯನ್ನು ಟವೆಲ್ಲಿನ ಮರೆಯಲ್ಲಿ ಇಡುವುದು ಜಾಣತನ. ಊರಿನ ನೀರಿನ ವಿಷಯದಲ್ಲಿ ಮಾತ್ರ ಆ ಟವೆಲ್ಲನ್ನು ಸರಿಸಿ, ಲೆಕ್ಕವನ್ನು ಎಲ್ಲರ ಮುಂದೆ ಇಡುವುದೇ ಜಾಣತನ.